ಬಳೆಯ ಕೆಳಗಿನ ಬಣ್ಣ

ಪುತ್ತೂರು ಸೀಮೆಯ ಕೊಯಿಲದ ಹತ್ತಿರದ ನಮ್ಮ ತವರುಮನೆಯ ಅಂಗಳಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುತ್ತಿತ್ತು. ಅಂಗಳದ ಮೂಲೆಯಲ್ಲಿದ್ದ ಒಂದು ಮಾವಿನ ಮರವನ್ನು ಅಜ್ಜ ಅದೇ ಕಾರಣಕ್ಕೆ ಕಡಿಸಿದ್ದರಂತೆ. ಆ ಮರದ ಮಿಡಿ ಉಪ್ಪಿನಕಾಯಿಗೆ ಎಷ್ಟು ಚೆನ್ನಾಗಿತ್ತು ಎಂದು ಅಮ್ಮ ಆಗಾಗ ಹೇಳುತ್ತಿದ್ದಳು, ಆದರೆ ಮರ ಕಡಿಸಿದ್ದು ತಪ್ಪಾಯಿತು ಎಂದು ಒಮ್ಮೆಯೂ ಹೇಳಿದವಳಲ್ಲ. ಅಡಿಕೆ ಒಣಗುವ ಜಾಗಕ್ಕೆ ನೆರಳು ಬೀಳಬಾರದು, ಅಷ್ಟೆ. ದೀಪಾವಳಿ ಕಳೆದು ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬಿತ್ತೆಂದರೆ ಬೇಸಿಗೆ ಮುಗಿಯುವ ತನಕ ಅಂಗಳ ನಮ್ಮದಲ್ಲ, ಅಡಿಕೆಯದು. ಮನೆಗೆ ಬಂದ ನೆಂಟರೂ ಅಂಚಿನಲ್ಲೇ ಕಾಲಿಟ್ಟು ಜಗಲಿ ಹತ್ತಬೇಕು.

ಬಿಸಿಲಿನ ವಿಷಯದಲ್ಲಿ ಅಮ್ಮನಿಗೆ ಇದ್ದದ್ದು ಎರಡೇ ಚಿಂತೆ. ಅಡಿಕೆಗೆ ಬಿಸಿಲು ತಪ್ಪಬಾರದು, ಅಕ್ಕನಿಗೆ ಬಿಸಿಲು ತಾಗಬಾರದು. ಅಕ್ಕ ಅಮ್ಮನ ಬಣ್ಣ ಹೊತ್ತುಕೊಂಡು ಹುಟ್ಟಿದವಳು, ಬಾಳೆದಿಂಡಿನ ಹಾಗೆ ಬೆಳ್ಳಗೆ. ನಾನು ಅವಳಿಗಿಂತ ಸ್ವಲ್ಪ ವರ್ಷ ಚಿಕ್ಕವಳು, ಅಪ್ಪನ ಕಡೆಯ ಬಣ್ಣ. ಅಪ್ಪನ ಕಡೆಯವರು ಎಷ್ಟು ಕಪ್ಪೆಂದರೆ, ಒಳಕೋಣೆಯಲ್ಲಿ ಕೂತವರನ್ನು ಹುಡುಕಬೇಕಾದರೆ ನಗಿಸಬೇಕು ಎಂದು ಸೋದರಮಾವ ತಮಾಷೆ ಮಾಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಬೇರೆ ಎಂತ ಮಾಡುವುದು?

ಮೊದಲೆಲ್ಲ ಅಡಿಕೆ ಮಗುಚುವ ಕೆಲಸ ನಮ್ಮಿಬ್ಬರದ್ದು. ಕೈಯಿಂದ ಅಲ್ಲ, ಕಾಲಿನಿಂದ. ಹರಡಿದ ಅಡಿಕೆಯ ನಡುವೆ ಪಾದ ಎಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆದರೆ ಹಿಂದೆ ಒಂದು ಸಾಲು ಮೂಡುತ್ತದೆ, ಅಡಿಯಲ್ಲಿದ್ದ ಅಡಿಕೆ ಹೊರಳಿ ಮೇಲೆ ಬರುತ್ತದೆ. ಅಕ್ಕ ಎಳೆದ ಸಾಲು ನೂಲು ಹಿಡಿದ ಹಾಗೆ ನೇರ. ನನ್ನದು ಹಾವು ಹೋದ ಹಾಗೆ. ಅವಳಿಗೆ ಆ ಕೆಲಸದಲ್ಲಿ ಒಂದು ಖುಷಿಯಿತ್ತು. ಕಾದ ಅಡಿಕೆ ಅಂಗಾಲಿಗೆ ಒತ್ತುವಾಗ ಕಚಗುಳಿಯಾಗುತ್ತದೆ ಎಂದು ನಗುತ್ತ ನಡೆಯುತ್ತಿದ್ದಳು. ಅವಳ ಜಾತಕ ಮನೆಯಿಂದ ಹೊರಟ ವರ್ಷ ಅದು ನಿಂತಿತು. ಕಾಲು ಎಳೆಯುತ್ತಿದ್ದವಳನ್ನು ಅಮ್ಮ ಜಗಲಿಯಿಂದಲೇ ಕರೆದಳು.

“ನೀನು ಒಳಗೆ ಬಾ. ಇನ್ನು ಅಂಗಳಕ್ಕೆ ಇಳಿಯುದು ಬೇಡ. ಅದನ್ನು ಅವಳು ಮಾಡ್ತಾಳೆ.”

“ಅವಳಿಗೂ ಬಿಸಿಲು ಅಲ್ವಾ ಅಮ್ಮ?” ಎಂದಳು ಅಕ್ಕ.

“ಅವಳದ್ದು ಹೋಗ್ಲಿಕ್ಕೆ ಎಂತ ಉಂಟು?”

ಅಮ್ಮ ಅದನ್ನು ನನ್ನ ಎದುರೇ ಹೇಳಿದಳು, ಕೆಟ್ಟ ಮನಸ್ಸಿನಿಂದ ಅಲ್ಲ. ಮನೆಯಲ್ಲಿ ಹಾಲು ಮುಗಿದಿದೆ ಎಂದು ಹೇಳುವಾಗಿನ ದನಿಯೇ ಅದು. ನಮ್ಮ ಕಡೆ ಆಗ ಎಲ್ಲ ಮನೆಗಳಲ್ಲೂ ಹೀಗೇ ಇತ್ತು. ಹೆಣ್ಣು ನೋಡುವವರು ಬರುವುದು ಹೆಚ್ಚಾಗಿ ಬಿಸಿಲುಗಾಲದಲ್ಲಿ, ಅಡಿಕೆ ಒಣಗುವುದೂ ಬಿಸಿಲುಗಾಲದಲ್ಲಿ. ಹಾಗಾಗಿ ಮದುವೆಗೆ ಬಂದ ಹುಡುಗಿಯನ್ನು ಅಂಗಳದಿಂದ ಎತ್ತಿ ಒಳಗಿಡುತ್ತಿದ್ದರು.

ಅಕ್ಕ ಒಳಗೆ ಹೋದ ಮೇಲೆ ಇಡೀ ಅಂಗಳ ನನ್ನ ತಲೆಗೆ ಬಂತು. ಕೆಲಸಕ್ಕೆ ಬರುವವರೆಲ್ಲ ತಲೆಗೆ ಮುಟ್ಟಾಳೆ ಇಡುತ್ತಿದ್ದರು. ಅಡಿಕೆ ಹಾಳೆಯನ್ನು ಮಡಚಿ ಹೊಲಿದ ಟೊಪ್ಪಿ ಅದು, ಹಗುರ, ಅದರ ಒಳಗೆ ತಲೆ ತಣ್ಣಗಿರುತ್ತದೆ. ನನಗೂ ಒಂದು ಬೇಕೆಂದು ಕೇಳಿದೆ. ಅಮ್ಮ ಹೌಹಾರಿದಳು.

“ಮನೆಯ ಹೆಣ್ಣುಮಕ್ಕಳು ಮುಟ್ಟಾಳೆ ಇಟ್ಟುಕೊಂಡು ಅಂಗಳದಲ್ಲಿ ನಿಂತರೆ ನೋಡಿದವರು ಎಂತ ಹೇಳಿಯಾರು? ಬೇಕಾದ್ರೆ ಒಂದು ಬೈರಾಸು ಹಾಕಿಕೋ.”

ಬೈರಾಸು ಎಂದರೆ ತೆಳ್ಳಗಿನ ಟವೆಲು. ಮಗುಚುವಾಗ ಅದು ಜಾರಿ ಹೆಗಲಿಗೆ ಬೀಳುತ್ತಿತ್ತು, ಎರಡು ಸಲ ಎತ್ತಿ ಹಾಕಿ ಮೂರನೆಯ ಸಲಕ್ಕೆ ಅದನ್ನು ತೆಂಗಿನ ಬುಡಕ್ಕೆ ಎಸೆಯುತ್ತಿದ್ದೆ. ಒಟ್ಟಿನಲ್ಲಿ ಕೆಲಸದವರ ತಲೆ ನೆರಳಲ್ಲಿ, ತೋಟದ ಒಡೆಯರ ಮಗಳ ತಲೆ ಬಿಸಿಲಲ್ಲಿ. ನಮ್ಮ ಮರ್ಯಾದೆ ಅಂಥದ್ದು.

ಅಕ್ಕನ ಕೋಣೆಯ ದಳಿ ಕಿಟಕಿ ಅಂಗಳಕ್ಕೆ ತೆರೆಯುತ್ತಿತ್ತು. ಮರದ ಸರಳುಗಳ ಹಿಂದೆ ಅವಳು ಕೂತು ಹೂ ಕಟ್ಟುವುದೋ ಕಸೂತಿ ಹಾಕುವುದೋ ಮಾಡುತ್ತಿದ್ದಳು. ಮುಖಕ್ಕೆ ಕಡಲೆಹಿಟ್ಟು, ಹಾಲಿನ ಕೆನೆ, ಕಸ್ತೂರಿ ಅರಸಿನ. ಅಲ್ಲಿಂದಲೇ ನನ್ನ ಮೇಲೆ ಯಜಮಾನಿಕೆ.

“ಆ ಮೂಲೆ ಬಿಟ್ಟೆ ನೋಡು. ತೆಂಗಿನ ಹತ್ತಿರದ್ದು.”

“ನೀನೇ ಬಂದು ಮಾಡು, ಮಹಾರಾಣಿ!”

“ಬಿಟ್ಟರೆ ಬರ್ತಿದ್ದೆ ಮಾರಾಯ್ತಿ.”

ಅವಳು ನಿಜವಾಗಿಯೂ ಬರುತ್ತಿದ್ದಳು ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳ ನೆರಳಿನ ಮೇಲೆ, ಅವಳ ಹಾಲಿನ ಕೆನೆಯ ಮೇಲೆ, ಬಿಸಿಲು ನೋಡದ ಅವಳ ಪಾದಗಳ ಮೇಲೆ ಉರಿ. ಜಗತ್ತಿನಲ್ಲಿ ಸಿಗಬಹುದಾದ ದೊಡ್ಡ ಸುಖ ಆ ದಳಿಯ ಹಿಂದೆ ಇದೆ ಎಂದು ನಾನು ತಿಳಿದಿದ್ದೆ.

ಪಂಜದ ಕಡೆಯಿಂದ ಅಕ್ಕನನ್ನು ನೋಡಲು ಬಂದದ್ದು ಒಂದು ಮಧ್ಯಾಹ್ನ. ಹುಡುಗ, ಅವನ ಅಪ್ಪ ಅಮ್ಮ, ಜೊತೆಗೆ ದೊಡ್ಡತ್ತೆಯೊಬ್ಬರು. ಉಳಿದವರೆಲ್ಲ ಶ್ಯಾವಿಗೆಯನ್ನೂ ತೋಟದ ವಿಸ್ತೀರ್ಣವನ್ನೂ ವಿಚಾರಿಸುತ್ತಿದ್ದರೆ ಆ ದೊಡ್ಡತ್ತೆ ಅಕ್ಕನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಪ್ರೀತಿಯಿಂದ ಎಂಬ ಹಾಗೆ ಕೈ ಹಿಡಿದರು. ಆಮೇಲೆ ಜಗಲಿಯ ಬೆಳಕಿಗೆ ಆ ಕೈಯನ್ನು ಸ್ವಲ್ಪ ತಿರುಗಿಸಿ, ಬಳೆಗಳನ್ನು ಮೊಣಕೈ ಕಡೆಗೆ ಸರಿಸಿದರು. ಬಳೆ ಇದ್ದ ಜಾಗದ ಬಣ್ಣವನ್ನೂ ಅದರ ಆಚೀಚೆಯ ಬಣ್ಣವನ್ನೂ ನೋಡಿದರು. ಬಿಸಿಲಲ್ಲಿ ದುಡಿದ ಕೈಯಾದರೆ ಬಳೆಯ ಕೆಳಗೆ ಬೆಳ್ಳನೆಯ ಪಟ್ಟಿ ಇರುತ್ತದೆ. ಪೌಡರು ಹಾಕಿ ಮುಖ ಮುಚ್ಚಬಹುದು, ಅದನ್ನು ಮುಚ್ಚಲಾಗದು. ಅಕ್ಕನ ಕೈ ಇಡೀ ಒಂದೇ ಬಣ್ಣ. ದೊಡ್ಡತ್ತೆ ಬಳೆಗಳನ್ನು ಮೆಲ್ಲನೆ ಕೆಳಗಿಳಿಸಿ ಅಮ್ಮನ ಕಡೆ ನೋಡಿ ನಕ್ಕರು. ಮದುವೆ ಅಲ್ಲಿಗೇ ನಿಶ್ಚಯವಾಯಿತು ಎಂದು ನನ್ನ ಲೆಕ್ಕ.

ಲೋಟ ಎತ್ತಲು ಬಂದ ನನ್ನನ್ನೂ ಅವರು ನೋಡಿದರು. “ಇವಳು ಅಂಗಳದಲ್ಲೇ ಬೆಳೆದವಳು, ಅಲ್ವಾ?” ಎಂದರು. ನಾನು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಪಂಜದ ಮನೆಯಲ್ಲಿ ಅಕ್ಕನ ಬಣ್ಣಕ್ಕೆ ಬಹಳ ಬೆಲೆ. ಬೆಳ್ಳಗಿನ ಸೊಸೆ ಎಂದು ಅತ್ತೆ ಮಾವ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಒಮ್ಮೆ ಅಂಥ ಹೆಸರು ಬಂದ ಮೇಲೆ ಅದನ್ನು ಕಾಪಾಡಿಕೊಳ್ಳಬೇಕಲ್ಲ. ಅಕ್ಕ ಬಿಸಿಲಿಗೆ ಕೊಡೆ ಹಿಡಿಯಲು ಶುರುಮಾಡಿದಳು. ಬಸ್‌ ಸ್ಟ್ಯಾಂಡಿಗೆ ಕೊಡೆ, ತೋಟಕ್ಕೆ ಕೊಡೆ, ಅಂಗಳ ದಾಟಿ ಹಟ್ಟಿಗೆ ಹೋಗಲಿಕ್ಕೂ ಕೊಡೆ. ಕೊಡೆ ಕಂಡರೆ ಸಾಕು, ದನ ಕೆಚ್ಚಲಿಗೆ ಹಾಲು ಇಳಿಸುತ್ತದೆ ಎಂದು ಭಾವ ತಮಾಷೆ ಮಾಡುತ್ತಿದ್ದರು. ವರ್ಷಗಳು ಕಳೆದು, ಅತ್ತೆ ಮಾವ ಇಲ್ಲವಾಗಿ, ಬಳೆ ಸರಿಸಿದ ದೊಡ್ಡತ್ತೆಯೂ ತೀರಿಹೋಗಿ, ಅಕ್ಕನಿಗೇ ಸೊಸೆ ಬಂದ ಮೇಲೂ ಕೊಡೆ ಹಾಗೇ ಉಳಿಯಿತು. ನೋಡುವವರು ಯಾರೂ ಉಳಿದಿರಲಿಲ್ಲ, ಅಭ್ಯಾಸ ಮಾತ್ರ ಉಳಿದಿತ್ತು.

ನನಗೂ ಮದುವೆಯಾಯಿತು ಎನ್ನಿ. ಆಲಂಕಾರಿನ ಮನೆಗೆ ಬಂದೆ. ಅಲ್ಲಿಯೂ ಒಂದು ಅಂಗಳ ನನಗಾಗಿ ಕಾದಿತ್ತು.

ಒಮ್ಮೆ ಅಕ್ಕನೂ ನಾನೂ ಸುಬ್ರಹ್ಮಣ್ಯಕ್ಕೆ ಹೋಗುತ್ತಿದ್ದೆವು. ಸೇತುವೆಯ ಮೇಲೆ ಜೀಪು ನಿಧಾನವಾದಾಗ ಕೆಳಗೆ ಹೊಳೆಯ ಬಂಡೆಯ ಮೇಲೆ ಒಬ್ಬಳು ವಿದೇಶದ ಹುಡುಗಿ ಕಣ್ಣು ಮುಚ್ಚಿ ಅಂಗಾತ ಮಲಗಿದ್ದಳು. ನೆತ್ತಿಯ ಮೇಲೆ ಸೂರ್ಯ, ಕೈಕಾಲಿಗೆ ಎಣ್ಣೆ ಸವರಿ ಮಿಂಚುತ್ತಿದ್ದಳು. ಅವರ ದೇಶದಲ್ಲಿ ಮೈ ಸ್ವಲ್ಪ ಕಂದಿದರೆ ಚೆಂದವಂತೆ, ಅದಕ್ಕಾಗಿ ದುಡ್ಡು ಕೊಟ್ಟು ಇಲ್ಲಿಯವರೆಗೆ ಬರುತ್ತಾರಂತೆ ಎಂದು ಡ್ರೈವರ್ ವಿವರಿಸಿದ. ಅಕ್ಕ ಕತ್ತು ಚಾಚಿ ನೋಡಿದಳು.

“ಅಯ್ಯೋ ಪಾಪ,” ಎಂದಳು. “ಆ ಹುಡುಗಿಗೆ ಅಮ್ಮ ಇಲ್ವಾ?”

ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅದನ್ನು ನೆನೆಸಿಕೊಂಡರೆ ಈಗ ನಗು ಅರ್ಧಕ್ಕೇ ನಿಲ್ಲುತ್ತದೆ.

ಬಿಸಿಲಿನ ಲೆಕ್ಕ ನನ್ನ ಮುಖದಲ್ಲಿ ಮೊದಲು ಕಾಣಿಸಿಕೊಂಡಿತು. ಎರಡೂ ಕೆನ್ನೆಗೆ ಬಂಗು, ಕಪ್ಪು ಬಣ್ಣದ ಮೇಲೆ ಇನ್ನೂ ಕಪ್ಪು ಮಚ್ಚೆ. ಹಣೆಯ ಮೇಲೆ ಒಂದು ಒರಟು ಕಲೆ. ಚರ್ಮದ ಡಾಕ್ಟರು ಅದನ್ನು ಭೂತಗನ್ನಡಿಯಲ್ಲಿ ನೋಡಿ, ಹೆದರುವಂಥದ್ದು ಏನಿಲ್ಲ, ಇನ್ನು ಬಿಸಿಲಿಗೆ ಹೋಗಬೇಡಿ ಎಂದರು. ಮಗಳು ಸನ್‌ಸ್ಕ್ರೀನಿನ ಟ್ಯೂಬು ತಂದಿಟ್ಟಳು. ಅವಳ ವಯಸ್ಸಿನವರಿಗೆ ಅದು ಹಲ್ಲುಜ್ಜಿದ ಹಾಗೆ. ಸ್ಕೂಟರು ಹತ್ತುವ ಮೊದಲು ಮುಖಕ್ಕೆ ಅದು, ಕೈಗೆ ಉದ್ದನೆಯ ಗವಸು, ಕಣ್ಣು ಮಾತ್ರ ಕಾಣುವ ಹಾಗೆ ಶಾಲು. ಪುತ್ತೂರಿನ ಪೇಟೆಯಲ್ಲಿ ಬೇಸಿಗೆಯಲ್ಲಿ ನಿಂತರೆ ಯಾರ ಮಗಳು ಯಾರೆಂದು ಗೊತ್ತಾಗುವುದಿಲ್ಲ. ಬಣ್ಣಕ್ಕಲ್ಲ ಅಮ್ಮ, ಚರ್ಮಕ್ಕೆ ಒಳ್ಳೆಯದು ಎಂದು ಮಗಳು ಹೇಳುತ್ತಾಳೆ. ಇರಬಹುದು. ಆದರೆ ಟ್ಯೂಬಿನ ಮೇಲೆ ಅಚ್ಚು ಹಾಕಿದ ಹುಡುಗಿ ಬೆಳ್ಳಗೇ ಇದ್ದಾಳಲ್ಲ ಎಂದು ಕೇಳಿದರೆ ಸ್ಕೂಟರು ಸ್ಟಾರ್ಟ್ ಮಾಡಿ ಹೊರಡುತ್ತಾಳೆ. ಟ್ಯೂಬು ನನ್ನ ಕೈಗೆ ಬಂದದ್ದು ಕೆನ್ನೆ ಸುಟ್ಟು ಮುಗಿದ ಮೇಲೆ. ಬೇಕಾದ ಕಾಲದಲ್ಲಿ ಒಂದು ಹಾಳೆ ಟೊಪ್ಪಿ ಸಿಕ್ಕಿದ್ದರೆ ಸಾಕಿತ್ತು ಎಂದು ಅದನ್ನು ಹಚ್ಚುವಾಗಲೆಲ್ಲ ಗೊಣಗುತ್ತೇನೆ.

ನನ್ನದು ಮುಖದ ಮಾತು, ಹೋದರೆ ಹೋಯಿತು. ಅಕ್ಕನದ್ದು ಎಲುಬಿನೊಳಗೆ ನಡೆದದ್ದು, ಯಾರಿಗೂ ಕಾಣಿಸಲಿಲ್ಲ.

ಅವಳಿಗೆ ಮೊದಲು ಸೊಂಟ ನೋವು ಶುರುವಾಯಿತು, ಆಮೇಲೆ ತೊಡೆ. ಮಣೆಯಿಂದ ಏಳುವಾಗ ಗೋಡೆ ಹಿಡಿಯಬೇಕಾಯಿತು. ವಯಸ್ಸಾಯಿತಲ್ಲ ಎಂದು ಎಣ್ಣೆ ಹಚ್ಚಿಕೊಂಡು ದಿನ ತಳ್ಳಿದಳು. ಸೊಸೆ ಹಟ ಮಾಡಿ ಪುತ್ತೂರಿಗೆ ಕರೆದುಕೊಂಡು ಹೋದಳು, ಜೊತೆಗೆ ನಾನೂ ಹೋದೆ. ಡಾಕ್ಟರು ರಕ್ತಪರೀಕ್ಷೆಯ ವರದಿ ನೋಡಿ ತಲೆ ಎತ್ತಿದರು.

“ಅಮ್ಮಾ, ನೀವು ಬಿಸಿಲಿಗೆ ಹೋಗುದು ಉಂಟಾ?”

“ಇಲ್ಲವೇ ಇಲ್ಲ ಡಾಕ್ಟ್ರೇ,” ಎಂದಳು ಅಕ್ಕ. “ಸಣ್ಣದರಿಂದಲೇ ಇಲ್ಲ.”

ಕುಡಿಯುವ ಚಟ ಇಲ್ಲ, ಕೆಟ್ಟ ಸಹವಾಸ ಇಲ್ಲ ಎಂದು ಹೇಳುವವರ ಹೆಮ್ಮೆ ಅವಳ ದನಿಯಲ್ಲಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು ತಾಳ್ಮೆಯಿಂದ ವಿವರಿಸಿದರು. ಬಿಸಿಲು ತಾಗದಿದ್ದರೆ ಮೈಯಲ್ಲಿ ವಿಟಮಿನ್ ಡಿ ಆಗುವುದಿಲ್ಲ, ಅದಿಲ್ಲದಿದ್ದರೆ ತಿಂದ ಸುಣ್ಣದಂಶ ಎಲುಬಿಗೆ ಸೇರುವುದಿಲ್ಲ. ಅಕ್ಕನಿಗೆ ಅದು ಇರಬೇಕಾದದ್ದಕ್ಕಿಂತ ಬಹಳ ಕಡಿಮೆ ಇತ್ತು. ಎಲುಬು ಸವೆದಿದೆ, ಬೀಳದ ಹಾಗೆ ನೋಡಿಕೊಳ್ಳಿ, ಬಿದ್ದರೆ ಕಷ್ಟ ಎಂದರು. ಹಾಲಿಗೆ ಹಾಕಿ ಕುಡಿಯುವ ಪುಡಿಯ ಪೊಟ್ಟಣ ಕೊಟ್ಟರು. ಅದು ಮುಗಿದ ಮೇಲೆ ಮತ್ತೆ ಬಂದು ತೋರಿಸಬೇಕು, ಅದರೊಟ್ಟಿಗೆ ದಿನಾ ಬೆಳಗ್ಗೆ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ಬೀಳುವ ಹಾಗೆ ಕೂರಬೇಕು ಎಂದರು.

ಪಂಜದ ದಾರಿಯುದ್ದಕ್ಕೂ ಅಕ್ಕ ಪುಡಿಯ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮನೆಯ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು, “ಬಿಸಿಲಲ್ಲಿ ಸುಮ್ಮನೆ ಕೂರುದು ಹೇಗೆ ಮಾರಾಯ್ತಿ? ರಸ್ತೆಯಲ್ಲಿ ಹೋಗುವವರು ನೋಡುದಿಲ್ವಾ? ಈ ಪ್ರಾಯದಲ್ಲಿ ಕಪ್ಪಾಗ್ಲಿಕ್ಕೆ ಕೂತದ್ದಾ ಅಂತ ಕೇಳಿಯಾರು.”

“ಕೇಳಿದವರಿಗೆ ನನ್ನ ಹೆಸರು ಹೇಳು,” ಎಂದೆ. “ಬಂದು ಉತ್ತರ ಕೊಡ್ತೇನೆ.”

ಅವಳಿಗೆ ನನ್ನ ಉತ್ತರ ಬೇಕಾಗಲಿಲ್ಲ. ಅವಳು ತಾನೇ ಒಂದು ಉಪಾಯ ಹುಡುಕಿಕೊಂಡಳು.

ಈಗ ನಮ್ಮ ಕಡೆ ಹೆಚ್ಚಿನವರು ಅಡಿಕೆಯನ್ನು ಬರೀ ಅಂಗಳದಲ್ಲಿ ಹಾಕುವುದಿಲ್ಲ. ಅಕಾಲದಲ್ಲಿ ಮಳೆ ಬಂದು ಒಣಗಿದ್ದೆಲ್ಲ ನೆನೆದು ಬೂಸ್ಟು ಹಿಡಿಯುತ್ತದೆಂದು ಅಂಗಳಕ್ಕೇ ಕಬ್ಬಿಣದ ಕಂಬ ನೆಟ್ಟು ಮೇಲಿನಿಂದ ಪಾರದರ್ಶಕ ಶೀಟು ಹೊದಿಸುತ್ತಾರೆ. ಬೆಳಕು ಬರುತ್ತದೆ, ಮಳೆ ಬರುವುದಿಲ್ಲ. ಒಳಗೆ ಹೊರಗಿಗಿಂತ ಜಾಸ್ತಿ ಕಾವು, ಅಡಿಕೆ ಬೇಗ ಒಣಗುತ್ತದೆ. ಅಕ್ಕನ ಮಗ ಸೊಸೆಯೂ ಅಂಥ ಶೀಟಿನ ಮಾಡು ಕಟ್ಟಿಸಿದ್ದರು, ಮೂರು ಬದಿಗೂ ಅದೇ ಶೀಟಿನ ಮರೆ. ಅಕ್ಕ ಬೆಳಗ್ಗೆ ಕಾಫಿ ಕುಡಿದು ಒಂದು ಮಣೆ ತೆಗೆದುಕೊಂಡು ಅದರೊಳಗೆ ಹೋಗಿ ಕೂರತೊಡಗಿದಳು. ಸುಮ್ಮನೆ ಕೂತಳು ಎಂದು ಯಾರೂ ಹೇಳುವ ಹಾಗಿಲ್ಲ, ಕೈಗೆ ಅಡಿಕೆಯ ಕೆಲಸವಿದೆ. ರಸ್ತೆಯವರಿಗೆ ಕಾಣುವುದೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಳು ಬಿಟ್ಟುಕೊಂಡು, ಬೆವರು ಒರೆಸುತ್ತ ಕೂರುತ್ತಿದ್ದಳು.

ಆ ದಿನಗಳಲ್ಲಿ ಅವಳ ಫೋನು ಬಂದರೆ ದನಿಯೇ ಬೇರೆ. “ನಾನೀಗ ದಿನಾ ಬಿಸಿಲಲ್ಲಿ, ಗೊತ್ತುಂಟಾ? ನಿನ್ನ ಹಾಗೆ. ಮೈ ಎಲ್ಲ ಬಿಸಿ ಬಿಸಿ. ನೋವು ಸ್ವಲ್ಪ ಕಡಿಮೆ ಆದ ಹಾಗೆ ಉಂಟು. ಮತ್ತೆ, ಕೇಳು, ಬಣ್ಣ ಮಾತ್ರ ಚೂರೂ ಹೋಗಲಿಲ್ಲ!”

“ನಿನ್ನದು ದೇವರು ಪೇಂಟು ಹೊಡೆದು ಕಳಿಸಿದ ಬಣ್ಣ,” ಎಂದು ನಾನು ಚುಡಾಯಿಸಿದೆ. ಒಳಗೊಳಗೇ ಹಳೆಯ ಉರಿ ಸಣ್ಣಗೆ ಎದ್ದಿತು. ನಾನು ಸುಟ್ಟುಕೊಂಡ ಬಿಸಿಲಲ್ಲೇ ಕೂತರೂ ಅವಳು ಕಪ್ಪಾಗುವುದಿಲ್ಲವಲ್ಲ ಎಂದು.

ಅಡಿಕೆಯ ಆ ಕಾಲದಲ್ಲಿ ನಾನು ಕಡಬಕ್ಕೆ ಹೋಗಿ ಬಸ್ಸು ಬದಲಿಸಿ ಪಂಜಕ್ಕೆ ಆಗಾಗ ಹೋದೆ. ಶೀಟಿನ ಮಾಡಿನ ಕೆಳಗೆ ಅವಳ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ ಕೂರುತ್ತಿದ್ದೆ. ಜಾತಕ ಹೊರಟ ವರ್ಷದ ನಂತರ ನಾವಿಬ್ಬರೂ ಒಂದೇ ಅಂಗಳದಲ್ಲಿ ಕೂತದ್ದು ಅದೇ ಮೊದಲು. ಒಂದು ದಿನ ಅಕ್ಕ ಮೆಲ್ಲನೆ ಎದ್ದು, ಕಂಬ ಹಿಡಿದು, ಅಡಿಕೆಯ ನಡುವೆ ಒಂದು ಪಾದ ಎಳೆದು ನೋಡಿದಳು. ಸಣ್ಣದೊಂದು ಸಾಲು, ಆದರೂ ನೇರ.

“ಕಚಗುಳಿ ಈಗಲೂ ಆಗ್ತದೆ,” ಎಂದಳು.

ದಳಿಯ ಹಿಂದೆ ಕೂತು ನೀನು ಎಂತ ಮಾಡುತ್ತಿದ್ದೆ ಎಂದು ಅವತ್ತು ಕೇಳಿದೆ. ನಿನ್ನ ಸಾಲು ನೋಡಿ ಕೈ ಕಾಲು ತುರಿಸುತ್ತಿತ್ತು ಎಂದಳು. ಅಮ್ಮ ತೋಟಕ್ಕೆ ಹೋದಾಗ ಒಮ್ಮೆ ಕದ್ದು ಇಳಿದು ಎರಡು ಸಾಲು ಎಳೆದು ಓಡಿಬಂದಿದ್ದಳಂತೆ. ಆ ಸಾಲು ನೇರವಾಗಿದ್ದದ್ದನ್ನು ನೋಡಿ ಅಮ್ಮ ನನ್ನನ್ನು ಹೊಗಳಿದ್ದಳಂತೆ. ನನಗೆ ಆ ಹೊಗಳಿಕೆಯ ನೆನಪಿತ್ತು, ಯಾಕೆಂದರೆ ಅಮ್ಮ ನನ್ನನ್ನು ಹೊಗಳಿದ್ದೇ ಕಡಿಮೆ. ಅಡಿಕೆ ಹಿಡಿದ ಕೈಯಲ್ಲೇ ಇಬ್ಬರೂ ಕಣ್ಣು ಒರೆಸಿಕೊಂಡು ನಕ್ಕೆವು.

ಪುಡಿಯ ಪೊಟ್ಟಣ ಮುಗಿದಾಗ ಮತ್ತೆ ಪುತ್ತೂರಿಗೆ ಹೋಗೋಣ ಎಂದು ಸೊಸೆ ಹೇಳಿದ್ದುಂಟು. ಅಕ್ಕ ಕೈ ಆಡಿಸಿದಳು. “ದಿನಾ ಇಷ್ಟು ಬಿಸಿಲು ತಿಂತೇನೆ. ಇನ್ನು ಪುಡಿ ಯಾಕೆ?” ನಮಗೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅಡಿಕೆ ಒಣಗುತ್ತಿತ್ತು, ಅಕ್ಕ ಬೆವರುತ್ತಿದ್ದಳು. ಬಿಸಿಲು ಅಂದರೆ ಅಡಿಕೆ ಒಣಗಿಸುವಂಥದ್ದು ಎಂದು ತಿಳಿದ ಮನೆಗಳಲ್ಲಿ ಹುಟ್ಟಿ ಬೆಳೆದವರು ನಾವು. ಅದಕ್ಕೆ ಬೇರೆ ಪರೀಕ್ಷೆ ನಮಗೆ ಗೊತ್ತಿರಲಿಲ್ಲ.

ಕೊನೆಯ ಕೊಯ್ಲಿನ ಅಡಿಕೆ ಇನ್ನೂ ಹಸಿ ಇದ್ದಾಗ ಅವಳು ಬಿದ್ದಳು. ಮಣೆಯಿಂದ ಎದ್ದು ತಿರುಗುವಾಗ ಕಾಲಡಿ ಅಡಿಕೆ ಉರುಳಿತಂತೆ, ಅಷ್ಟೆ. ಎತ್ತರದಿಂದ ಬಿದ್ದದ್ದಲ್ಲ, ಜೋರಾಗಿಯೂ ಬಿದ್ದದ್ದಲ್ಲ. ತೊಡೆಯ ಸಂದಿಯ ಎಲುಬು ಮುರಿಯಿತು. ಪುತ್ತೂರಿನಲ್ಲಿ ಆಪರೇಷನ್ ಆಯಿತು, ಒಳಗೆ ರಾಡು ಹಾಕಿದರು. ನಾನು ಹೋದಾಗ ಅಕ್ಕ ಬಿಳಿ ಚಾದರದ ಮೇಲೆ ಚಾದರದಷ್ಟೇ ಬೆಳ್ಳಗೆ ಮಲಗಿದ್ದಳು.

ಹಳೆಯ ಡಾಕ್ಟರೇ ಬಂದು ನೋಡಿದರು. ಹೊಸ ರಕ್ತಪರೀಕ್ಷೆಯಲ್ಲಿ ವಿಟಮಿನ್ನು ಮೊದಲಿನಷ್ಟೇ ಕಡಿಮೆ ಇತ್ತು. ಬಿಸಿಲಿಗೆ ಕೂರಲಿಕ್ಕೆ ಹೇಳಿದ್ದೆನಲ್ಲ ಎಂದು ಕೇಳಿದರು. ಸೊಸೆ ಮುಂದೆ ಬಂದಳು. ಅತ್ತೆಯ ಪರವಾಗಿ ಮಾತಾಡುವ ಉತ್ಸಾಹ ಅವಳಿಗೆ.

“ಒಂದು ದಿನವೂ ತಪ್ಪಿಸಲಿಲ್ಲ ಡಾಕ್ಟ್ರೇ. ನಾನೇ ನೋಡಿದ್ದೇನೆ. ಬೆಳಗ್ಗೆ ಹೋಗಿ ಅಡಿಕೆ ಮಾಡಿನಡಿಯಲ್ಲಿ ಕೂತರೆ ಊಟಕ್ಕೇ ಏಳುದು.”

“ಅಡಿಕೆ ಮಾಡು ಅಂದ್ರೆ?”

“ಶೀಟು ಹಾಕಿದ್ದು. ಒಳ್ಳೆ ಬಿಸಿಲು ಬರ್ತದೆ.”

ಡಾಕ್ಟರು ವರದಿಯನ್ನು ಮಡಚಿಟ್ಟರು. ಅವರ ಮನೆಯಲ್ಲೂ ಅಡಿಕೆ ತೋಟ ಇದ್ದಿರಬೇಕು, ಶೀಟು ಎಂಥದ್ದೆಂದು ಬಿಡಿಸಿ ಕೇಳಲಿಲ್ಲ.

“ಅದರಲ್ಲಿ ಬಿಸಿ ಬರ್ತದೆ, ಬೆಳಕು ಬರ್ತದೆ,” ಎಂದರು. “ಮೈಗೆ ಬೇಕಾದ ಕಿರಣ ಉಂಟಲ್ಲ, ಅದು ಬರುದಿಲ್ಲ. ಆ ಕಿರಣ ಬಿದ್ದರೆ ಶೀಟೇ ಹಳದಿಯಾಗಿ ಒಡೆದು ಹೋಗ್ತದೆ. ಹಾಗೆ ಅದನ್ನು ತಡೆಯುವ ಹಾಗೇ ಮಾಡಿರ್ತಾರೆ. ಅಡಿಕೆಗೆ ಬಿಸಿ ಆದ್ರೆ ಸಾಕು. ಅಮ್ಮನಿಗೆ ಅಷ್ಟು ಸಾಕಾಗುದಿಲ್ಲ.”

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಡು ಕಟ್ಟಿಸಿದ್ದು ತಾನು ಎಂದು ಅವಳಿಗೆ ಸಂಕಟ. ಅವಳದ್ದು ತಪ್ಪಲ್ಲ, ಯಾರದ್ದೂ ತಪ್ಪಲ್ಲ ಎಂದು ನಾನು ಹೇಳಿದೆ, ಹೇಳಿ ಹೊರಗೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆ. ನನಗೆ ಸಿಟ್ಟು ಬಂದಿತ್ತು. ಅಮ್ಮನ ಮೇಲೆ ಮಾಡೋಣವೆಂದರೆ ಅಮ್ಮ ಇಲ್ಲ. ಬಳೆ ಸರಿಸಿದವರ ಮೇಲೆ ಮಾಡೋಣವೆಂದರೆ ಅವರೂ ಇಲ್ಲ. ಬಣ್ಣ ಚೂರೂ ಹೋಗಲಿಲ್ಲ ಎಂದು ಅಕ್ಕ ಫೋನಿನಲ್ಲಿ ಹಿಗ್ಗಿದ್ದಳಲ್ಲ, ಬಿಸಿಲು ಅವಳ ಮೈಗೆ ಮುಟ್ಟಲೇ ಇಲ್ಲ ಎಂಬುದಕ್ಕೆ ಅದೇ ಗುರುತಾಗಿತ್ತು. ಮುಖದ ತುಂಬ ಬಂಗು ಹೊತ್ತ ನನಗಾದರೂ ಅದು ಹೊಳೆಯಬೇಕಿತ್ತು. ಅವಳಿಗೆ ಕಡೆಗೂ ಬಿಸಿಲು ಸಿಕ್ಕಿತೆಂದು ನಂಬಿದ್ದ ಆ ಬೆಳಗುಗಳೆಲ್ಲ ನೆನಪಾಗಿ, ಬಂದು ಹೋಗುವವರ ಎದುರಿನಲ್ಲೇ ಅತ್ತೆ.

ಮನೆಗೆ ಬಂದ ಮೇಲೆ ಅಕ್ಕ ಬಹಳ ಕಾಲ ಮಲಗಿಯೇ ಇದ್ದಳು. ಈಗ ವಾಕರು ಹಿಡಿದು ಒಳಗಿನಿಂದ ಜಗಲಿಯವರೆಗೆ ಬರುತ್ತಾಳೆ, ಅದಕ್ಕೂ ಒಬ್ಬರು ಪಕ್ಕದಲ್ಲಿ ಬೇಕು. ಮೊದಲಿನ ಹಾಗೆ ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ನನ್ನ ಹತ್ತಿರ ಹೇಳಿದ್ದಾರೆ. ಅದನ್ನು ಅವಳಿಗೆ ಯಾರೂ ಹೇಳಿಲ್ಲ, ಅವಳಿಗೆ ಗೊತ್ತಿದೆ. ಅಡಿಕೆಯ ನಡುವೆ ಪಾದ ಎಳೆಯುವುದು ಇನ್ನಿಲ್ಲ.

ಈ ವರ್ಷ ದೀಪಾವಳಿ ಕಳೆದ ಮೇಲೆ ಸೊಸೆ ದಿನಾ ಬೆಳಗ್ಗೆ ಅವಳನ್ನು ನಡೆಸಿಕೊಂಡು ಬಂದು, ಶೀಟಿನ ಮಾಡಿನಿಂದ ಆಚೆ ಬರೀ ಆಕಾಶದ ಕೆಳಗೆ ಕುರ್ಚಿ ಹಾಕಿ ಕೂರಿಸುತ್ತಾಳೆ. ರಸ್ತೆಯಲ್ಲಿ ಹೋಗುವವರು ನೋಡುತ್ತಾರೆ, ನೋಡಲಿ. ಪುಡಿಯ ಪೊಟ್ಟಣವೂ ತಪ್ಪುವುದಿಲ್ಲ. ಮೊನ್ನೆ ನಾನು ಹೋದಾಗ ಅವಳು ಹಾಗೆ ಕೂತಿದ್ದಳು. ನನಗೆ ಬಿಸಿಲು ಆಗುವುದಿಲ್ಲವಲ್ಲ, ಸೊಸೆ ಒಳಗಿನಿಂದ ಅಕ್ಕನ ಹಳೆಯ ಕೊಡೆ ತಂದು ಬಿಡಿಸಿ ಕೊಟ್ಟಳು. “ಹಿಡ್ಕೊಳ್ಳಿ ಚಿಕ್ಕಮ್ಮ, ನಿಮಗೆ ಡಾಕ್ಟ್ರು ಬೇಡ ಹೇಳಿದ್ದಾರಲ್ಲ.” ಅಕ್ಕ ಬಿಸಿಲಲ್ಲಿ, ನಾನು ಅವಳ ಕೊಡೆಯ ನೆರಳಲ್ಲಿ. ಇಬ್ಬರೂ ಒಂದೇ ಬಿಸಿಲಲ್ಲಿ ಕೂರುವ ಯೋಗವೇ ನಮಗಿಲ್ಲ.

ಮಾಡಿನೊಳಗೆ ಅಡಿಕೆ ಹರಡಿತ್ತು. ಯಾರೋ ಕೆಲಸದವರು ಮಗುಚಿ ಹೋಗಿದ್ದರು, ಸಾಲು ಅಂಕುಡೊಂಕು. ಅಕ್ಕ ಅದನ್ನು ನೋಡಿ, ನೋಡದ ಹಾಗೆ ಮುಖ ತಿರುಗಿಸಿದಳು. ಆಮೇಲೆ ತೊಡೆಯ ಮೇಲಿದ್ದ ಎಡಗೈಯನ್ನು ನನ್ನ ಕಡೆ ಚಾಚಿದಳು.

“ಇಲ್ಲಿ ನೋಡು.”

ಬಲಗೈಯಿಂದ ಬಳೆಗಳನ್ನು ತಾನೇ ಮೊಣಕೈ ಕಡೆಗೆ ಸರಿಸಿದಳು. ಬಳೆ ಇದ್ದ ಜಾಗದಲ್ಲಿ ಹಳೆಯ ಬಿಳುಪು, ಒಂದು ಬೆರಳಿನಷ್ಟು ಅಗಲದ ಪಟ್ಟಿ. ಅದರ ಮೇಲೆಯೂ ಕೆಳಗೆಯೂ ಕೈ ತಿಳಿಯಾಗಿ ಕಂದಿತ್ತು, ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಆ ಪಟ್ಟಿಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದಳು.

“ಇಷ್ಟೇ ಅಲ್ವಾ ಆಗುದು?” ಎಂದಳು. “ಅಮ್ಮ ಹೆದರಿದ್ದು ಇಷ್ಟಕ್ಕಾ?”